ಪ್ಲಾಸ್ಟಿಕ್ ಮಿಲಿಟರಿ ಲಾರಿ ಕಿಟ್ ಸುಧಾರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಂಕ್ ಕಿಟ್ (ಬಿಡಿಭಾಗ ಅಂಟಿಸಿ ಕಟ್ಟುವ ಪುಟ್ಟ ಮಾಡೆಲ್) ಕಟ್ಟಿ ಕೈ ಪಳಗಿದವರು ಕೂಡ ಲಾರಿ ಹಿಡಿದಾಗ ಸ್ವಲ್ಪ ತಡವರಿಸುತ್ತಾರೆ. ಟ್ಯಾಂಕ್ ಅಂದರೆ ದಪ್ಪ ಉಕ್ಕು. ಲಾರಿ ಹಾಗಲ್ಲ. ತೆಳು ತಗಡು, ಮರದ ಹಲಗೆ, ಬಟ್ಟೆ, ಹಗ್ಗ, ಅದರ ಮೇಲೆ ಒಂದಿಷ್ಟು ಭಾರ. ಆದರೆ ಪ್ಲಾಸ್ಟಿಕ್ ಅಚ್ಚಿನಲ್ಲಿ ತಗಡಿನಷ್ಟು ತೆಳುವಾದ ಭಾಗ ಬರುವುದಿಲ್ಲ, ಪ್ಲಾಸ್ಟಿಕ್‌ಗೆ ಭಾರವೂ ಗೊತ್ತಿಲ್ಲ. ಹಾಗಾಗಿ ಕೆಳಗಿನ ಬಹುಪಾಲು ಉತ್ತರಗಳು ಎರಡೇ ವಿಷಯದ ಸುತ್ತ ತಿರುಗುತ್ತವೆ: ಆ ದಪ್ಪವನ್ನು ಮರೆಸುವುದು ಹೇಗೆ, ಆ ಭಾರವನ್ನು ತೋರಿಸುವುದು ಹೇಗೆ.

ಡೀಟೇಲ್ ಸೇರಿಸೋಕೆ ಯಾವ ಅಳತೆಯ ಕಿಟ್ ಒಳ್ಳೆಯದು?

1/35, ಅಂದರೆ ನಿಜದ ವಾಹನದ ಮೂವತ್ತೈದನೇ ಒಂದು ಭಾಗ. ಮಿಲಿಟರಿ ವಾಹನಗಳಿಗೆ ಹೆಚ್ಚುವರಿ ಚಕ್ರ, ಹಿತ್ತಾಳೆ ಭಾಗ, ಸಾಮಾನು ಸರಂಜಾಮು ಜಾಸ್ತಿ ಸಿಗುವುದು ಈ ಅಳತೆಯಲ್ಲೇ. ಎರಡನೇ ಮಹಾಯುದ್ಧದ ಅಮೆರಿಕದ ಜಿಎಂಸಿ ಸಿಸಿಕೆಡಬ್ಲ್ಯೂ-353 ಲಾರಿಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 164 ಇಂಚು, ಅಂದರೆ ಸುಮಾರು 4.17 ಮೀಟರ್. 1/35ರಲ್ಲಿ ಅದು 119 ಮಿ.ಮೀ. ಆಗುತ್ತದೆ. ಕೈ ಆಡಿಸಲು ಸಾಕಷ್ಟು ಜಾಗ. 1/72ರಲ್ಲಿ ಅದೇ ವೀಲ್‌ಬೇಸ್ 58 ಮಿ.ಮೀ. ಅಷ್ಟು ಚಿಕ್ಕದಕ್ಕೆ ತೆಳು ಗಾಜು, ಒಳ್ಳೆಯ ಬಣ್ಣ, ಸರಿಯಾಗಿ ಕೂತ ಚಕ್ರ ಇಷ್ಟಿದ್ದರೆ ಸಾಕು. ಇಲ್ಲಿರುವ ಅಳತೆಗಳೆಲ್ಲ 1/35ರವು.

ಕಿಟ್ ಬಿಚ್ಚುವ ಮೊದಲೇ ಫೋಟೋ ಹುಡುಕಬೇಕು ಅಂತಾರೆ. ಅಷ್ಟು ಮುಖ್ಯವೇ?

ತುಂಬಾ ಮುಖ್ಯ. ಯುದ್ಧಕಾಲದ ಲಾರಿಗಳು ವರ್ಷದಿಂದ ವರ್ಷಕ್ಕೆ ಬದಲಾದವು. ಉಕ್ಕಿನ ಕೊರತೆ ಅದಕ್ಕೆ ದೊಡ್ಡ ಕಾರಣ. ಸಿಸಿಕೆಡಬ್ಲ್ಯೂ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಮೊದಲು ಮುಚ್ಚಿದ ಉಕ್ಕಿನ ಕ್ಯಾಬ್, ಉಕ್ಕಿನ ಬಾಡಿ (ಸಾಮಾನು ಹೇರುವ ಹಿಂಭಾಗ) ಇತ್ತು. ಆಮೇಲೆ ಮರದ ಬಾಡಿ ಬಂತು, ಮೇಲೆ ಬಟ್ಟೆ ಹೊದಿಸುವ ತೆರೆದ ಕ್ಯಾಬ್ ಬಂತು. ಸೋವಿಯತ್‌ನ ಗಾಜ್-ಎಂಎಂ ಲಾರಿಯ ಯುದ್ಧಕಾಲದ ರೂಪ ಇನ್ನೂ ಬಡಕಲು. ದುಂಡಗಿನ ಮಡ್‌ಗಾರ್ಡ್ ಬದಲು ನೇರವಾಗಿ ಮಡಚಿದ ತಗಡು, ಎರಡರ ಬದಲು ಒಂದೇ ಹೆಡ್‌ಲೈಟ್, ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಜರ್ಮನಿಯ ಓಪೆಲ್ ಬ್ಲಿಟ್ಸ್‌ಗೂ ಯುದ್ಧದ ಕೊನೆಯ ಹೊತ್ತಿಗೆ ಮರದ ಕ್ಯಾಬ್ ಬಂತು.

ಇದರಿಂದ ನಮಗೆ ಲಾಭವೂ ಇದೆ. ಕಿಟ್‌ನ ಮಡ್‌ಗಾರ್ಡ್ ಹಾಳಾದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಯುದ್ಧಕಾಲದ ಚಪ್ಪಟೆ ಮಡ್‌ಗಾರ್ಡ್ ಮಾಡಿಕೊಳ್ಳಬಹುದು, ಅಲ್ವಾ? ಆದರೆ ಎರಡು ಬೇರೆ ವರ್ಷಗಳ ಭಾಗಗಳು ಒಂದೇ ಲಾರಿಯಲ್ಲಿ ಸೇರಬಾರದು. ಒಂದು ನಿಜವಾದ ಲಾರಿಯ ಎರಡು ಮೂರು ಹಳೇ ಫೋಟೋ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಮ್ಯೂಸಿಯಂ ಲಾರಿಗಳ ಫೋಟೋ ಚಾಸಿ (ಲಾರಿಯ ಕೆಳಗಿನ ಚೌಕಟ್ಟು) ಅರ್ಥ ಮಾಡಿಕೊಳ್ಳಲು ಒಳ್ಳೆಯದು. ಬಣ್ಣ, ಸೀಟಿನ ಬಟ್ಟೆ, ಟೈರುಗಳ ವಿಷಯದಲ್ಲಿ ಅವನ್ನು ನಂಬಬೇಡಿ. ದುರಸ್ತಿ ಮಾಡಿದವರು ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ.

ಶುರು ಮಾಡಲು ಏನೇನು ಬೇಕು?

ಕತ್ತರಿಸುವ ಇಕ್ಕಳ, ಚೂಪಾದ ಹಾಬಿ ಚಾಕು, ಚಿಮುಟ, ಸಣ್ಣ ಅರಗಳು, 400ರಿಂದ 1000 ಗ್ರಿಟ್‌ವರೆಗಿನ ಉಪ್ಪುಕಾಗದ, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲು ಮತ್ತು 0.3ರಿಂದ 1 ಮಿ.ಮೀ. ಬಿಟ್‌ಗಳು. ಪ್ಲಾಸ್ಟಿಕ್‌ಗೆ ನೀರಿನಂತೆ ತೆಳುವಾದ ಅಂಟು, ಲೋಹಕ್ಕೆ ಮತ್ತು ರೆಸಿನ್‌ಗೆ (ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಹೆಚ್ಚುವರಿ ಭಾಗಗಳ ವಸ್ತು) ಸೂಪರ್‌ಗ್ಲೂ, ಗಾಜಿಗೆ ಬಿಳಿ ಅಂಟು. 0.13, 0.25 ಮತ್ತು 0.5 ಮಿ.ಮೀ. ಸ್ಟೈರೀನ್ (ಕಿಟ್‌ನದ್ದೇ ಬಗೆಯ ಪ್ಲಾಸ್ಟಿಕ್) ಹಾಳೆ. ಒಂದಿಷ್ಟು ಸೀಸದ ತಂತಿ, ಒಂದಿಷ್ಟು ತಾಮ್ರದ ತಂತಿ. ಉಳಿದಿದ್ದನ್ನು ಬೇಕಾದಾಗ ಕೊಳ್ಳಿ.

ಯಾವ ಭಾಗ ತೆಳು ಮಾಡಬೇಕು, ಎಷ್ಟು?

ಮೊದಲು ಲೆಕ್ಕ. 1/35ರಲ್ಲಿ 1 ಮಿ.ಮೀ. ಪ್ಲಾಸ್ಟಿಕ್ ಅಂದರೆ ನಿಜದ 35 ಮಿ.ಮೀ. ಮಡ್‌ಗಾರ್ಡ್‌ನ ಅಂಚು 1 ಮಿ.ಮೀ. ಇದ್ದರೆ ಅದು ತಗಡಲ್ಲ, ಟ್ಯಾಂಕಿನ ಕವಚ! ನಿಜವಾದ ತಗಡು ಒಂದೆರಡು ಮಿ.ಮೀ. ದಪ್ಪ. ಅದನ್ನು ಅಳತೆಗೆ ಇಳಿಸಿದರೆ 0.03ರಿಂದ 0.06 ಮಿ.ಮೀ. ಬರುತ್ತದೆ. ಪ್ಲಾಸ್ಟಿಕ್‌ನಲ್ಲಿ ಅಷ್ಟು ತೆಳು ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕಣ್ಣಿಗೆ ಬೀಳುವುದು ಅಂಚು ಮಾತ್ರ. ಒಳಬದಿಯಿಂದ ಓರೆಯಾಗಿ ಹೆರೆದು ಅಂಚನ್ನಷ್ಟೇ ಚೂಪು ಮಾಡಿದರೆ ಇಡೀ ಭಾಗ ತೆಳುವಾಗಿ ಕಾಣುತ್ತದೆ.

ಚಾಕುವಿನ ಬಾಯನ್ನು ಪ್ಲಾಸ್ಟಿಕ್‌ಗೆ ಲಂಬವಾಗಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಕತ್ತರಿಸಬೇಡಿ, ಕೆರೆಯಿರಿ. ಸಣ್ಣ ಸುರುಳಿಗಳು ಎದ್ದು ಬರಬೇಕು. ನಡುನಡುವೆ ಬೆಳಕಿಗೆ ಹಿಡಿದು ನೋಡಿ. ಬೆಳಕು ಸ್ವಲ್ಪ ಹಾಯುತ್ತಿದೆ ಅನ್ನಿಸಿದಾಗ ನಿಲ್ಲಿಸಿ. ನನ್ನ ಪ್ರಕಾರ ಆದ್ಯತೆ ಹೀಗಿರಲಿ: ಮಡ್‌ಗಾರ್ಡ್‌ಗಳ ಕೆಳ ಅಂಚು, ಬಾನೆಟ್‌ನ ಪಕ್ಕದ ಅಂಚು, ಬಾಗಿಲಿನ ಕಿಟಕಿಯ ಚೌಕಟ್ಟು, ರೇಡಿಯೇಟರ್ ಮುಂದಿನ ಜಾಲರಿ. ಜಾಲರಿ ಹೆಚ್ಚಿನ ಕಿಟ್‌ಗಳಲ್ಲಿ ದಪ್ಪ ಸರಳುಗಳ ಬೋನಿನಂತೆ ಇರುತ್ತದೆ. ಅದನ್ನು ಹಿತ್ತಾಳೆಯದ್ದಕ್ಕೆ ಬದಲಿಸಿದರೆ ಲಾರಿಯ ಮುಖವೇ ಬದಲಾಗುತ್ತದೆ.

ಮರದ ಹಲಗೆಗೆ ಇಷ್ಟು ಕಷ್ಟವಿಲ್ಲ. 25 ಮಿ.ಮೀ. ಹಲಗೆ ಅಳತೆಗೆ 0.7 ಮಿ.ಮೀ. ಕಿಟ್‌ನಲ್ಲಿರುವುದೇ ಹೆಚ್ಚುಕಮ್ಮಿ ಸರಿಯಾಗಿರುತ್ತದೆ. ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಫೋಟೋ-ಎಚ್ ಹಿತ್ತಾಳೆ ಹಾಳೆ ಪೂರ್ತಿ ಬಳಸಬೇಕೇ?

ಬೇಡ. ಫೋಟೋ-ಎಚ್ ಅಂದರೆ ರಾಸಾಯನಿಕದಿಂದ ಕೊರೆದು ಮಾಡಿದ ತೆಳು ಹಿತ್ತಾಳೆ ಭಾಗಗಳ ಹಾಳೆ. ಅದರ ಅರ್ಧ ಭಾಗ ಯಾರಿಗೂ ಕಾಣದ ಕಡೆ ಹೋಗುತ್ತದೆ. ತೆಳುವಾಗಿರಲೇಬೇಕಾದವಕ್ಕೆ ಮಾತ್ರ ಬಳಸಿ: ಜಾಲರಿ, ಹೆಡ್‌ಲೈಟ್ ಕಾವಲು ಪಟ್ಟಿ, ಬಕಲ್ಲು, ಉಪಕರಣಗಳನ್ನು ಹಿಡಿಯುವ ಕ್ಲಿಪ್ಪು, ಡ್ಯಾಶ್‌ಬೋರ್ಡ್. ದುಂಡಗಿನ ಭಾಗಕ್ಕೆ ಚಪ್ಪಟೆ ಹಿತ್ತಾಳೆ ಕೊಟ್ಟಿದ್ದರೆ ಕಿಟ್‌ನ ಪ್ಲಾಸ್ಟಿಕ್ಕೇ ವಾಸಿ.

ಬಾಗಿಸಲು ಕಷ್ಟವಾದರೆ ಆ ಭಾಗವನ್ನು ಉರಿಯ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ ಆರಲು ಬಿಡಿ. ಹಿತ್ತಾಳೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ಕತ್ತರಿಸುವಾಗ ತುಂಡು ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಚಾಸಿ ಕಟ್ಟಿದ ಮೇಲೆ ಒಂದು ಚಕ್ರ ನೆಲ ಮುಟ್ಟುತ್ತಿಲ್ಲ. ಏನು ಮಾಡಲಿ?

ಆರು ಚಕ್ರದ ಲಾರಿಗಳಲ್ಲಿ ಇದು ಮಾಮೂಲಿ. ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಅಡ್ಡಪಟ್ಟಿಗಳ ಜೊತೆ ಅಂಟಿಸಿ, ಅಂಟು ಆರುವ ಮೊದಲೇ ಸಮತಟ್ಟಾದ ಗಾಜಿನ ಮೇಲಿಟ್ಟು ಮೇಲೆ ಭಾರ ಹೇರಿ. ರಾತ್ರಿಯಿಡೀ ಹಾಗೇ ಇರಲಿ. ಆಕ್ಸಲ್‌ಗಳನ್ನು ಅಂಟಿಸುವಾಗ ಚಕ್ರಗಳನ್ನು ಅಂಟಿಲ್ಲದೆ ಸಿಕ್ಕಿಸಿ, ಮತ್ತೆ ಅದೇ ಗಾಜಿನ ಮೇಲೆ ನಿಲ್ಲಿಸಿ ಹೊಂದಿಸಿ. ಈಗಾಗಲೇ ಎಲ್ಲ ಆರಿ ಗಟ್ಟಿಯಾಗಿದ್ದರೆ ಹಟ ಮಾಡಿ ತಿರುಚಬೇಡಿ. ಏರುತಗ್ಗಿನ ನೆಲದ ಮೇಲೆ ನಿಲ್ಲಿಸುವ ಡಯೋರಾಮ (ಪುಟ್ಟ ದೃಶ್ಯ) ಮಾಡಿದರೆ ಅದೇ ದೋಷ ಸಹಜವಾಗಿ ಕಾಣುತ್ತದೆ.

ರಬ್ಬರಿನಂಥ ವಿನೈಲ್ ಟೈರುಗಳನ್ನು ಇಟ್ಟುಕೊಳ್ಳಬಹುದೇ?

ನನ್ನ ಉತ್ತರ: ಆದಷ್ಟು ಬೇಡ. ಅಚ್ಚು ಚೆನ್ನಾಗಿರುತ್ತದೆ, ನಿಜ. ಆದರೆ ವಿನೈಲನ್ನು ಮೆತ್ತಗಿಡಲು ಸೇರಿಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತದೆ. ಅದು ಟೈರು ಕೂರುವ ಕಿಟ್‌ನ ಪ್ಲಾಸ್ಟಿಕ್ (ಪಾಲಿಸ್ಟೈರೀನ್) ಡಿಸ್ಕನ್ನು ಕರಗಿಸಿಬಿಡಬಹುದು. ಜೊತೆಗೆ ಬಣ್ಣ ಸರಿಯಾಗಿ ನಿಲ್ಲುವುದಿಲ್ಲ, ನಡುವಿನ ಅಚ್ಚುಗೆರೆ ಕೆರೆದರೆ ನಾರು ಏಳುತ್ತದೆ. ಇಟ್ಟುಕೊಳ್ಳಲೇಬೇಕು ಅಂದರೆ ಡಿಸ್ಕಿಗೂ ಟೈರಿಗೂ ನಡುವೆ ತೆಳು ಅಲ್ಯೂಮಿನಿಯಂ ಹಾಳೆ ಸುತ್ತಿ.

ರೆಸಿನ್ ಚಕ್ರ ಸಿಕ್ಕಿದರೆ ಅದೇ ಒಳ್ಳೆಯದು. ಭಾರಕ್ಕೆ ತಳ ಚಪ್ಪಟೆಯಾಗಿ ಪಕ್ಕ ಉಬ್ಬಿದಂತೆ ಅವನ್ನು ಅಚ್ಚು ಹಾಕಿರುತ್ತಾರೆ. ಒಂದೇ ಒಂದು ಬದಲಾವಣೆಗೆ ದುಡ್ಡು ಹಾಕುವುದಾದರೆ ನಾನು ಚಕ್ರಕ್ಕೇ ಹಾಕುತ್ತೇನೆ. ಕಿಟ್‌ನ ಗಟ್ಟಿ ಪ್ಲಾಸ್ಟಿಕ್ ಟೈರಾದರೆ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಅರ್ಧ ಮಿ.ಮೀ. ಚಪ್ಪಟೆ ಮಾಡಿ. ನೆಲದ ಹತ್ತಿರ ಪಕ್ಕಕ್ಕೆ ತುಸು ಪುಟ್ಟಿ ಹಚ್ಚಿ ಉಬ್ಬು ತೋರಿಸಿ. ಜೋಡಿ ಟೈರಿದ್ದ ಕಡೆ ಎರಡರ ಚಪ್ಪಟೆಯೂ ಒಂದೇ ಸಾಲಿಗೆ ಬರಲಿ.

ರೆಸಿನ್ ಧೂಳು ನಿಜಕ್ಕೂ ಅಪಾಯವೇ?

ಹೌದು, ಶ್ವಾಸಕ್ಕೆ ಕೆಟ್ಟದ್ದು. ನೀರಿನಲ್ಲಿ ಅದ್ದಿದ ಉಪ್ಪುಕಾಗದದಲ್ಲೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

ಮುಂದಿನ ಚಕ್ರ ತಿರುಗಿದಂತೆ ಮಾಡುವುದು ಕಷ್ಟವೇ?

ಕಷ್ಟವಿಲ್ಲ, ಫಲ ಮಾತ್ರ ದೊಡ್ಡದು. ನಿಂತ ಲಾರಿಯ ಚಕ್ರ ಸ್ವಲ್ಪವಾದರೂ ಓರೆಯಾಗಿರುವುದು ಸಹಜ. ಆಕ್ಸಲ್ ತುದಿಯ ಚಕ್ರದ ಕೀಲನ್ನು ಕತ್ತರಿಸಿ, ಬೇಕಾದ ಕೋನಕ್ಕೆ ತಿರುಗಿಸಿ, ನಡುವೆ ತುಂಡು ತಂತಿ ಕೊಟ್ಟು ಅಂಟಿಸಿ. ತಿರುವಿನ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ತುಸು ಜಾಸ್ತಿ ತಿರುಗಿರಬೇಕು. ಎರಡು ಚಕ್ರ ಜೋಡಿಸುವ ಅಡ್ಡ ಸರಳನ್ನೂ ಅದಕ್ಕೆ ಹೊಂದುವಂತೆ ಸರಿಸಿ. ಆಮೇಲೆ ಕ್ಯಾಬ್ ಒಳಗಿನ ಸ್ಟೇರಿಂಗ್ ಚಕ್ರವನ್ನೂ ತಿರುಗಿಸಲು ಮರೆಯಬೇಡಿ.

ಎಂಜಿನ್‌ಗೆ ವೈರಿಂಗ್ ಮಾಡಬೇಕೇ?

ಬಾನೆಟ್ ತೆರೆದಿಟ್ಟರೆ ಮಾಡಿ, ಮುಚ್ಚಿದರೆ ಬಿಡಿ. ಸಿಸಿಕೆಡಬ್ಲ್ಯೂನಲ್ಲಿ ಇದ್ದದ್ದು ಆರು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್. ಅಂದರೆ ಡಿಸ್ಟ್ರಿಬ್ಯೂಟರ್‌ನಿಂದ ಪ್ಲಗ್‌ಗಳಿಗೆ ಆರು ವೈರು, ನಡುವಿನಿಂದ ಕಾಯಿಲ್‌ಗೆ ಒಂದು. ನಿಜದ ಪ್ಲಗ್ ವೈರ್ ಸುಮಾರು 7 ಮಿ.ಮೀ. ದಪ್ಪ, ಹಾಗಾಗಿ 0.2 ಮಿ.ಮೀ. ತಂತಿ ಸರಿಹೋಗುತ್ತದೆ. ಅನೇಕರು 0.5 ಹಾಕಿ ಎಂಜಿನ್‌ಗೆ ಹಾವು ಸುತ್ತಿದಂತೆ ಮಾಡುತ್ತಾರೆ. ಸೀಸದ ತಂತಿ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಈ ಕೆಲಸಕ್ಕೆ ತಾಮ್ರಕ್ಕಿಂತ ಅದೇ ಹಿತ.

ಚಾಸಿ ಕೆಳಗಿನ ಬ್ರೇಕ್ ಪೈಪುಗಳನ್ನು ಪಕ್ಕದಿಂದ ಕಾಣುವಷ್ಟು ಮಾತ್ರ ಹಾಕಿ.

ಕಿಟ್‌ನ ಗಾಜು ದಪ್ಪವಾಗಿ, ಮಸುಕಾಗಿ ಕಾಣುತ್ತದೆ.

1 ಮಿ.ಮೀ. ಪಾರದರ್ಶಕ ಭಾಗ ಅಂದರೆ 35 ಮಿ.ಮೀ. ಗಾಜು. ಅಂಚಿನಲ್ಲಿ ಬೆಳಕು ಬಾಗಿ ಆಟಿಕೆ ಅನ್ನಿಸುತ್ತದೆ. ಪ್ಯಾಕಿಂಗ್‌ಗೆ ಬರುವ ಸ್ಪಷ್ಟ, ಗಟ್ಟಿ ಪ್ಲಾಸ್ಟಿಕ್ ಹಾಳೆ 0.2 ಮಿ.ಮೀ. ಸುಮಾರಿಗೆ ಇದ್ದರೆ ಅದನ್ನೇ ಅಳತೆಗೆ ಕತ್ತರಿಸಿ. ಕಿಟ್‌ನ ಗಾಜನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಸೂಪರ್‌ಗ್ಲೂ ಮುಟ್ಟಿಸಬೇಡಿ, ಅದರ ಆವಿಗೆ ಗಾಜು ಬಿಳಿಚುತ್ತದೆ. ಬಿಳಿ ಅಂಟು ಸಾಕು.

ಹೆಡ್‌ಲೈಟ್ ಗಟ್ಟಿ ಪ್ಲಾಸ್ಟಿಕ್ ಗುಂಡಾಗಿದ್ದರೆ ಒಳಗೆ ಬಟ್ಟಲಿನಂತೆ ಕೊರೆದು, ಬೆಳ್ಳಿ ಬಣ್ಣ ಹಚ್ಚಿ, ಮೇಲೆ ಪಾರದರ್ಶಕ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ) ಒಂದು ತೊಟ್ಟು ಬಿಡಿ. ಕನ್ನಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಹೊಳೆಯುವ ಬದಿ.

ಕ್ಯಾಬ್ ಒಳಗೆ ಎಷ್ಟು ಕೆಲಸ ಮಾಡುವುದು?

ಕಿಟಕಿಯಿಂದ ಇಣುಕಿದರೆ ಕಾಣುವುದು ಸ್ಟೇರಿಂಗ್, ಸೀಟಿನ ಮೇಲ್ಭಾಗ, ಡ್ಯಾಶ್‌ಬೋರ್ಡ್. ಸ್ಟೇರಿಂಗ್ ಚಕ್ರವನ್ನು ತೆಳು ಮಾಡಿ. ಸೀಟಿನ ಮೇಲೆ ಎಪಾಕ್ಸಿ ಪುಟ್ಟಿಯ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಪುಟ್ಟಿ) ತೆಳು ಪದರ ಹಚ್ಚಿ, ಚಾಲಕ ಕೂರುವ ಜಾಗವನ್ನು ತುಸು ತಗ್ಗಿಸಿ, ಒಂದೆರಡು ಸುಕ್ಕು ಕೊಡಿ. ಡಯಲ್‌ಗಳಿಗೆ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಾಕಿ ಮೇಲೆ ಒಂದು ಹನಿ ಹೊಳಪಿನ ವಾರ್ನಿಷ್. ನೆಲಕ್ಕೆ ಕೆಸರು. ಪೆಡಲ್ ಬಳಿ ಬಣ್ಣ ಸವೆದಿರಲಿ. ತೆರೆದ ಕ್ಯಾಬ್ ಆದರೆ ಇದೆಲ್ಲ ಎರಡರಷ್ಟು ಗಮನ ಬೇಡುತ್ತದೆ.

ಬಾಡಿಯ ಒಳಗೆ ದುಂಡಗಿನ ಗುರುತುಗಳಿವೆ. ಮುಚ್ಚಲೇಬೇಕೇ?

ಅವು ಅಚ್ಚಿನಿಂದ ಭಾಗವನ್ನು ಹೊರದಬ್ಬುವ ಪಿನ್ನುಗಳ ಗುರುತು. ಮರದ ಹಲಗೆ ಮೇಲೆ ಅವು ಎದ್ದು ಕಾಣುತ್ತವೆ. ಸಾಮಾನು ಹೇರುವ ಜಾಗವಾದರೆ ಬಿಟ್ಟುಬಿಡಿ. ಇಲ್ಲದಿದ್ದರೆ ಪುಟ್ಟಿ ತುಂಬಿ ಉಜ್ಜಿ, ಸಣ್ಣ ಗರಗಸದ ಹಲ್ಲನ್ನು ಹಲಗೆಯ ಉದ್ದಕ್ಕೆ ಮೆಲ್ಲಗೆ ಎಳೆದು ಮರದ ನಾರನ್ನು ಮತ್ತೆ ಮೂಡಿಸಿ. ಒತ್ತಿ ಎಳೆಯಬೇಡಿ. 0.1 ಮಿ.ಮೀ. ಗೀರೂ ಅಳತೆಯಲ್ಲಿ ಮೂರೂವರೆ ಮಿ.ಮೀ. ಬಿರುಕಾಗುತ್ತದೆ.

ಕಿಟ್‌ನ ಟಾರ್ಪಾಲು ಒಂದೇ ಗಟ್ಟಿ ತುಂಡು. ಬಟ್ಟೆಯಂತೆ ಕಾಣಿಸುವುದು ಹೇಗೆ?

ಲಾರಿ ಮಾಡೆಲ್‌ನಲ್ಲಿ ನನಗೆ ತುಂಬಾ ಇಷ್ಟದ ಕೆಲಸ ಇದು. ಪಕ್ಕದಿಂದ ನೋಡಿದರೆ ಲಾರಿಯ ಅರ್ಧ ಭಾಗ ಟಾರ್ಪಾಲೇ ಇರುತ್ತದೆ. ಆದರೂ ಜನ ಬೋಲ್ಟು ಎಣಿಸುತ್ತಾ ಇದನ್ನು ಹಾಗೇ ಬಿಡುತ್ತಾರೆ.

ಮೊದಲು ಕಮಾನುಗಳು. ಕಿಟ್‌ನಲ್ಲಿ ಕೊಟ್ಟಿದ್ದರೆ ಸರಿ, ಇಲ್ಲದಿದ್ದರೆ ಹಿತ್ತಾಳೆ ಪಟ್ಟಿ ಅಥವಾ ಸ್ಟೈರೀನ್ ಪಟ್ಟಿಯಲ್ಲಿ ಮಾಡಿಕೊಳ್ಳಿ. ಒಂದು ಮರದ ತುಂಡನ್ನು ಕಮಾನಿನ ಆಕಾರಕ್ಕೆ ಕೆತ್ತಿ, ಅದರ ಸುತ್ತ ಬಗ್ಗಿಸಿದರೆ ಎಲ್ಲವೂ ಒಂದೇ ಸಮ ಬರುತ್ತವೆ. ಮೇಲೆ ಬಟ್ಟೆ ಹೊದಿಸಲು ಎರಡು ದಾರಿ ಇವೆ.

ಒಂದು, ಟಿಶ್ಯೂ ಕಾಗದ. ಬಿಳಿ ಅಂಟಿಗೆ ಅಷ್ಟೇ ನೀರು ಸೇರಿಸಿ, ಕಾಗದವನ್ನು ಕಮಾನುಗಳ ಮೇಲೆ ಒಣದಾಗಿಯೇ ಹಾಸಿ, ಕುಂಚದಿಂದ ಆ ಅಂಟುನೀರು ಹಚ್ಚುತ್ತಾ ಹೋಗಿ. ಒದ್ದೆಯಾದ ಕಾಗದ ಕಮಾನುಗಳ ನಡುವೆ ತಾನೇ ಜೋತುಬೀಳುತ್ತದೆ. ಆ ಜೋಲೇ ನಮಗೆ ಬೇಕಾದದ್ದು. ಒಣಗಿದ ಮೇಲೆ ಎರಡನೇ ಪದರ. ಇದು ಅಗ್ಗ, ತೆಳು, ಬಿಗಿಯಾಗಿ ಎಳೆದು ಕಟ್ಟಿದ ಟಾರ್ಪಾಲಿಗೆ ಹೇಳಿಮಾಡಿಸಿದ್ದು.

ಇನ್ನೊಂದು, ಎಪಾಕ್ಸಿ ಪುಟ್ಟಿ. ಎರಡು ಭಾಗಗಳನ್ನು ಸಮ ಬೆರೆಸಿ, ಟಾಲ್ಕಂ ಪೌಡರ್ ಉದುರಿಸಿದ ಗಾಜಿನ ಮೇಲೆ ಅರ್ಧ ಮಿ.ಮೀ.ಗೆ ಲಟ್ಟಿಸಿ. ಸ್ವಲ್ಪ ಹೊತ್ತು ಬಿಟ್ಟು, ಅಂಟು ಕಡಿಮೆಯಾದ ಮೇಲೆ ಎತ್ತಿ ಹಾಸಿ. ಮಡಚಿಟ್ಟ, ಸುತ್ತಿಟ್ಟ, ಹಿಂದಕ್ಕೆ ಸರಿಸಿದ ಟಾರ್ಪಾಲಿಗೆ ಇದು ವಾಸಿ. ಮಡಿಕೆಗಳು ತೂಕವಿರುವಂತೆ ಬರುತ್ತವೆ.

ಸುಕ್ಕು ಎಲ್ಲಿ ಬರಬೇಕು ಅನ್ನುವುದನ್ನು ಹಗ್ಗ ಹೇಳುತ್ತದೆ. ಹಗ್ಗ ಕಟ್ಟಿದ ಪ್ರತಿ ಬಿಂದುವಿನಿಂದ ಮೇಲಕ್ಕೆ ಕಿರಣಗಳಂತೆ ಎಳೆತದ ಗೆರೆಗಳು ಏಳಬೇಕು. ಎರಡು ಬಿಂದುಗಳ ನಡುವೆ ಅಂಚು ತುಸು ಮೇಲಕ್ಕೆ ಬಾಗಿರಬೇಕು. ಹಗ್ಗ 12 ಮಿ.ಮೀ. ಅಂದುಕೊಂಡರೆ ನಿಮ್ಮ ದಾರ 0.35 ಮಿ.ಮೀ. ಹತ್ತಿಯ ದಾರವಾದರೆ ಮೇಣ ಸವರಿ, ನಾರು ಕೂತುಕೊಳ್ಳುತ್ತದೆ.

ಸಾಮಾನು ಹೇರುವಾಗ ಏನು ಗಮನಿಸಬೇಕು?

ತೂಕ. ಸಿಸಿಕೆಡಬ್ಲ್ಯೂವನ್ನು ಎರಡೂವರೆ ಟನ್ ಲಾರಿ ಅನ್ನುವುದು ದಾರಿಯಿಲ್ಲದ ಕಡೆ ಹೊರಬಹುದಾದ ಲೆಕ್ಕ: 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಪೆಟ್ರೋಲ್ ತುಂಬಿದ 20 ಲೀಟರ್ ಜೆರ್ರಿಕ್ಯಾನ್ ಹತ್ತಿರ ಹತ್ತಿರ 20 ಕೆ.ಜಿ. ಆದ್ದರಿಂದ ನೂರರ ಆಸುಪಾಸಿನ ಕ್ಯಾನುಗಳಿಗೆ ಲಾರಿ ತನ್ನ ಮಿತಿ ಮುಟ್ಟುತ್ತದೆ. 200 ಲೀಟರ್ ಡ್ರಮ್ಮುಗಳಾದರೆ ಹದಿಮೂರರ ಸುಮಾರು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ಇಂಧನ, ಮದ್ದುಗುಂಡು ಸಾಗಿಸಿದ ರೆಡ್ ಬಾಲ್ ಎಕ್ಸ್‌ಪ್ರೆಸ್‌ನಲ್ಲಿ ಈ ಲಾರಿಗಳಿಗೆ ಮಿತಿ ಮೀರಿ ಹೇರುತ್ತಿದ್ದರು. ಅಲ್ಲಿನ ಚಾಲಕರಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಅಂಥ ದೃಶ್ಯ ಮಾಡುವವರು ಗೊಂಬೆಗಳ ಬಣ್ಣ ಹಚ್ಚುವಾಗಲೂ ಇದನ್ನು ನೆನಪಿಡಬೇಕು.

ಇಷ್ಟು ಭಾರ ಹೊತ್ತ ಲಾರಿ ಖಾಲಿ ಲಾರಿಯಂತೆ ನೆಟ್ಟಗೆ ನಿಲ್ಲುವುದಿಲ್ಲ. ಹಿಂದಿನ ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಬೇಕು. ಆಕ್ಸಲ್ ಕೂರುವ ಜಾಗವನ್ನು ಒಂದು ಮಿ.ಮೀ. ಅರದಿಂದ ತಗ್ಗಿಸಿದರೂ ಸಾಕು, ಹಿಂಭಾಗ ಕುಗ್ಗಿದಂತೆ ಕಾಣುತ್ತದೆ. ಇದನ್ನು ಚಾಸಿ ಕಟ್ಟುವಾಗಲೇ ತೀರ್ಮಾನಿಸಬೇಕು. ಹಾಗಾಗಿ ಏನು ಹೇರುತ್ತೇನೆ ಅನ್ನುವುದು ಕೊನೆಯ ಪ್ರಶ್ನೆಯಲ್ಲ, ಮೊದಲ ಪ್ರಶ್ನೆ.

ಸಾಮಾನನ್ನು ಆಟಿಕೆಯಂತೆ ಬಿಡಿಬಿಡಿಯಾಗಿ ಇಡಬೇಡಿ. ಒತ್ತೊತ್ತಾಗಿ ಜೋಡಿಸಿ, ಹಗ್ಗ ಬಿಗಿಯಿರಿ. ಮೆತ್ತನೆಯ ಮೂಟೆ, ಕಂಬಳಿ ಸುರುಳಿಗಳ ಮೇಲೆ ಹಗ್ಗ ಒತ್ತಿದ ಜಾಗದಲ್ಲಿ ತಗ್ಗು ಬರಲಿ.

ಬಣ್ಣ ಯಾವ ಹಂತದಲ್ಲಿ ಹಚ್ಚಲಿ?

ಚಾಸಿ, ಕ್ಯಾಬ್, ಬಾಡಿ, ಚಕ್ರ, ಎಂಜಿನ್ ಎಲ್ಲವನ್ನೂ ಬೇರೆ ಬೇರೆ ಕಟ್ಟಿ ಬೇರೆ ಬೇರೆಯಾಗಿಯೇ ಬಣ್ಣ ಹಚ್ಚಿ. ಹಿತ್ತಾಳೆ, ರೆಸಿನ್, ಪುಟ್ಟಿ ಎಲ್ಲ ಸೇರಿರುವುದರಿಂದ ಪ್ರೈಮರ್ ಕಡ್ಡಾಯ. ಜರ್ಮನ್ ಲಾರಿಯಾದರೆ ಕಾಲ ನೋಡಿ: 1943ರ ಫೆಬ್ರವರಿವರೆಗೆ ಕಡು ಬೂದು, ಆಮೇಲೆ ಕಾರ್ಖಾನೆಯಿಂದಲೇ ಕಡು ಹಳದಿ. ಅಮೆರಿಕದ್ದು ಹೊಳಪಿಲ್ಲದ ಆಲಿವ್ ಡ್ರಾಬ್ (ಕಂದು ಬೆರೆತ ಮಾಸಲು ಹಸಿರು). ಅದನ್ನು ಡಬ್ಬಿಯಿಂದ ತೆಗೆದ ಹಾಗೇ ಹಚ್ಚಿದರೆ ಮಾಡೆಲ್ ಮೇಲೆ ತೀರಾ ಕಪ್ಪು ಕಾಣುತ್ತದೆ. ತುಸು ಹಳದಿ ಅಥವಾ ತಿಳಿ ಕಂದು ಬೆರೆಸಿ. ಟಾರ್ಪಾಲಿನ ಬಣ್ಣ ಕ್ಯಾಬ್‌ನ ಬಣ್ಣಕ್ಕಿಂತ ಬೇರೆಯೇ ಇರಲಿ, ಬಟ್ಟೆ ಬಿಸಿಲಿಗೆ ಬೇರೆ ರೀತಿ ಮಾಸುತ್ತದೆ. ಟೈರಿಗೆ ಅಚ್ಚ ಕಪ್ಪು ಬೇಡ, ಕಡು ಬೂದು ಸಾಕು.

ಡೆಕಾಲ್ ಸುತ್ತ ಬೆಳ್ಳಿಯಂತೆ ಹೊಳೆಯುತ್ತದೆ, ಯಾಕೆ?

ಮ್ಯಾಟ್ (ಹೊಳಪಿಲ್ಲದ) ಬಣ್ಣದ ಒರಟು ಮೇಲ್ಮೈಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲು ಹೊಳಪಿನ ವಾರ್ನಿಷ್, ಮೇಲೆ ಡೆಕಾಲ್, ಅದನ್ನು ಮೆತ್ತಗೆ ಮಾಡುವ ದ್ರಾವಣ, ಕೊನೆಗೆ ಮ್ಯಾಟ್ ವಾರ್ನಿಷ್. ಹಲಗೆಯ ಮೇಲೆ ಬರುವ ನಕ್ಷತ್ರದ ಡೆಕಾಲ್ ಆದರೆ ಹಲಗೆಗಳ ಸಂದಿನಲ್ಲಿ ಚಾಕುವಿನಿಂದ ಸೀಳಿ ಒಳಗೆ ಕೂರಿಸಿ.

ಟ್ಯಾಂಕಿನಂತೆ ಚಿಪ್ಪಿಂಗ್ (ಬಣ್ಣ ಎದ್ದುಹೋದ ಗುರುತು), ತುಕ್ಕು ಹಾಕಬಹುದೇ?

ಮರದ ಬಾಡಿಗೆ ತುಕ್ಕು ಹಿಡಿಯುವುದಿಲ್ಲ! ಇದನ್ನು ಬಹಳ ಜನ ಮರೆಯುತ್ತಾರೆ. ಹಲಗೆಯ ಬಣ್ಣ ಹೋದ ಕಡೆ ಬೂದು ಬಣ್ಣದ ಮರ ಕಾಣಬೇಕು. ಲೋಹದ ಬಾಡಿಯಲ್ಲೂ ತಿಂಗಳುಗಟ್ಟಲೆ ಓಡಿದ ಲಾರಿ ಕೊಳೆಯಾಗಿರುತ್ತದೆಯೇ ಹೊರತು ಗುಜರಿಯಾಗಿರುವುದಿಲ್ಲ. ನಿಜವಾದ ತುಕ್ಕು ಬೇಕಾದದ್ದು ಸೈಲೆನ್ಸರ್‌ಗೆ.

ಸವೆತ ಮನುಷ್ಯರು ಮುಟ್ಟುವ ಜಾಗದಲ್ಲಿರಲಿ. ಹತ್ತುವ ಮೆಟ್ಟಿಲು, ಬಾಗಿಲಿನ ಹಿಡಿಕೆ, ಹಿಂದಿನ ಡಾಲಾದ ಮೇಲಂಚು, ಬಾಡಿಯ ನೆಲ. ಇಂಧನ ಟ್ಯಾಂಕಿನ ಮುಚ್ಚಳದ ಕೆಳಗೆ ಹೊಳೆಯುವ ಕಲೆ. ಮುಂದಿನ ಗಾಜಿಗೆ ಧೂಳು ಹಾಕುವ ಮೊದಲು ವೈಪರ್ ಓಡುವ ಜಾಗಕ್ಕೆ ಟೇಪ್ ಅಂಟಿಸಿ, ಆಮೇಲೆ ಕಿತ್ತರೆ ಅರ್ಧಚಂದ್ರ ಸ್ವಚ್ಛವಾಗಿ ಉಳಿಯುತ್ತದೆ. ಮಡ್‌ಗಾರ್ಡ್ ಒಳಗೆ ಕೆಸರು ದಪ್ಪ, ಮೇಲಕ್ಕೆ ಹೋದಂತೆ ಬರೀ ಧೂಳು. ಚಕ್ರದಲ್ಲಿ ಒಣ ಮಣ್ಣು, ಬಾಡಿಯಲ್ಲಿ ಒದ್ದೆ ಕೆಸರು ಅಂತ ಎರಡು ಹವಾಮಾನ ಬೆರೆಸಬೇಡಿ.

ಕೊನೆಗೆ ಅಂಟಿಸಬೇಕಾದವು ಯಾವುವು?

ಕೈ ತಗುಲಿ ಮುರಿಯುವಂಥವು: ಪಕ್ಕದ ಕನ್ನಡಿ, ವೈಪರ್, ಬಂಪರ್ ಮೇಲಿನ ಅಗಲ ತೋರಿಸುವ ಕಡ್ಡಿ, ಹೆಡ್‌ಲೈಟ್ ಕಾವಲು. ಕನ್ನಡಿಯ ತೋಳಿಗೆ ಕಿಟ್‌ನ ಪ್ಲಾಸ್ಟಿಕ್ ಬದಲು 0.4 ಮಿ.ಮೀ. ಹಿತ್ತಾಳೆ ತಂತಿ ಬಳಸಿ, ಬುಡಕ್ಕೆ ತೂತು ಕೊರೆದು ಸಿಕ್ಕಿಸಿ. ಗುದ್ದಿದರೂ ಬಾಗುತ್ತದೆ, ಮುರಿಯುವುದಿಲ್ಲ.